ಮೈಸೂರಿಗೆ ಬರೋ ಮೊದಲಿನ ವಿಶ್ವೇಶ್ವರಯ್ಯ

ಸರ್ ಎಂ.ವಿ. ಅಂದ ಕೂಡಲೇ ನಮ್ಮೆಲ್ಲರ ಕಣ್ಣ ಮುಂದೆ ಬರೋದು ಆ ಮೈಸೂರು ಪೇಟ, ಕೆ.ಆರ್.ಎಸ್. ಅಣೆಕಟ್ಟು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ದಿವಾನಗಿರಿ... ಶಾಲೆಯಲ್ಲಿ ನಾವು ಓದಿದ್ದೂ ಅಷ್ಟೇ. ಆದ್ರೆ ಒಂದು ವಿಷಯ ಗಮನಿಸಿದ್ದೀರಾ? ಇದೆಲ್ಲಾ ನಡೆದದ್ದು ಅವರಿಗೆ ಹತ್ತಿರ ಹತ್ತಿರ ಐವತ್ತು ವರ್ಷ ಆದ ಮೇಲೆ! 1909ರ ನವೆಂಬರಿನಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು, 1912ರಲ್ಲಿ ದಿವಾನರಾದರು. ಅದಕ್ಕೂ ಮೊದಲು ಕಾಲು ಶತಮಾನ ಅವರು ಏನು ಮಾಡ್ತಿದ್ದರು? ನಾಸಿಕ್, ಧುಳೆ, ಪುಣೆ, ಸಕ್ಕರ್, ಏಡನ್, ಕೊನೆಗೆ ಹೈದರಾಬಾದ್. ಆ ಇಪ್ಪತ್ತೈದು ವರ್ಷಗಳ ಬಗ್ಗೆ ಕನ್ನಡದಲ್ಲಿ ಮಾತಾಡೋದು ಕಡಿಮೆ. ಇವತ್ತು ಅದನ್ನೇ ಬರೆಯೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ :)

ಇದರಲ್ಲಿ ನನಗೊಂದು ಸ್ವಾರ್ಥವೂ ಇದೆ. ನಮ್ಮೂರು ಕೊಂಕಲ್, ಯಾದಗಿರಿ ಸೀಮೆ. ಯಾದಗಿರಿ, ಶಹಾಪುರ, ಸುರಪುರ ಎಲ್ಲಾ 1956ರವರೆಗೆ ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆಯೊಳಗೇ ಇದ್ದವು. ನಮ್ಮ ಕಡೆ ಮುತ್ಯಾಗಳು ಇನ್ನೂ "ನಿಜಾಮನ ಕಾಲದಾಗ" ಅಂತಾನೇ ಕಥೆ ಶುರು ಮಾಡ್ತಾರೆ. ವಿಶ್ವೇಶ್ವರಯ್ಯ ಅಂದ್ರೆ "ಅವರು ಮೈಸೂರಿನವರು, ಹಳೇ ಮೈಸೂರಿನ ಕಡೆ ಕೆಲಸ ಮಾಡಿದವರು" ಅನ್ನೋ ಭಾವನೆ ನಮ್ಮಲ್ಲಿದೆ. ಮಜಾ ಏನಂದ್ರೆ, ಅವರು ಮೈಸೂರಿಗೆ ಕೆಲಸಕ್ಕೆ ಹೋಗುವ ಮೊದಲು ಕೆಲಸ ಮಾಡಿದ್ದು ನಮ್ಮ ನಿಜಾಮನ ರಾಜಧಾನಿಯಲ್ಲಿ! ಅಲ್ಲಿಗೆ ಕೊನೆಯಲ್ಲಿ ಬರ್ತೀನಿ.

ಮೊದಲಿಂದ ಶುರು ಮಾಡೋಣ. ಮುದ್ದೇನಹಳ್ಳಿಯ ಹುಡುಗ, ತಂದೆ ಶ್ರೀನಿವಾಸ ಶಾಸ್ತ್ರಿಗಳು ಬೇಗ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸಿಕೊಳ್ಳಬೇಕಿತ್ತು. 1881ರಲ್ಲಿ ಬಿ.ಎ. ಆಯ್ತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಇಡೀ ಬಾಂಬೆ ಪ್ರೆಸಿಡೆನ್ಸಿಗೆ ಮೊದಲಿಗರು, ಜೇಮ್ಸ್ ಬರ್ಕ್ಲೀ ಬಹುಮಾನ ಬೇರೆ. ಮೊದಲ ರ‍್ಯಾಂಕ್ ಬಂದವರಿಗೆ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಸಿಗ್ತಿತ್ತು. ಹೀಗೆ 1884ರಲ್ಲಿ ನಾಸಿಕ್‌ನಲ್ಲಿ ಅಸಿಸ್ಟೆಂಟ್ ಇಂಜಿನಿಯರ್. ವಯಸ್ಸು ಇಪ್ಪತ್ಮೂರರ ಆಸುಪಾಸು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ 'ಫ್ರೆಷರ್'.

ಫ್ರೆಷರ್‌ಗೆ ಏನು ಕೆಲಸ ಕೊಡ್ತಾರೆ? ನಮ್ಮ ಸಾಫ್ಟ್‌ವೇರ್‌ನಲ್ಲಿ ಬಗ್ ಫಿಕ್ಸಿಂಗು. ಅವರಿಗೆ ಕೊಟ್ಟಿದ್ದು ಖಾನದೇಶದ ಧುಳೆ ಹತ್ತಿರ ದಾತರ್ತಿ ಅನ್ನೋ ಹಳ್ಳಿಯಲ್ಲಿ, ಪಾಂಜ್ರಾ ನದಿಗೆ ಅಡ್ಡಲಾಗಿ ಪೈಪ್ ಸೈಫನ್ ಕಟ್ಟೋ ಕೆಲಸ. ಅಂದ್ರೆ ಕಾಲುವೆ ನೀರನ್ನು ನದಿ ಪಾತ್ರದ ಅಡಿಯಿಂದ ಕೊಳವೆಯಲ್ಲಿ ದಾಟಿಸಿ ಆ ಕಡೆ ದಡದಲ್ಲಿ ಮತ್ತೆ ಮೇಲಕ್ಕೆ ತರೋದು. ಈ ದಡದಲ್ಲಿ ನೀರಿನ ಮಟ್ಟ ಆ ದಡಕ್ಕಿಂತ ಸ್ವಲ್ಪ ಎತ್ತರ ಇದ್ರೆ ಸಾಕು, ಪಂಪು ಗಿಂಪು ಏನೂ ಬೇಡ, ನೀರು ತಾನೇ ಏರುತ್ತೆ. ಕಾಗದದ ಮೇಲೆ ಸುಲಭ. ಆದ್ರೆ ಮಳೆಗಾಲ ಶುರುವಾಗಿತ್ತು, ನದಿಗೆ ನೀರು ಬರ್ತಿತ್ತು. ಮಳೆ ಮುಗಿಯೋ ತನಕ ಕೆಲಸ ಮುಂದೆ ಹಾಕೋಣ ಅಂತ ಹುಡುಗ ಇಂಜಿನಿಯರ್ ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ, ಶಿಸ್ತಿನ ಮಾತು ಬಂತು. ಆಮೇಲೆ ವಿಶ್ವೇಶ್ವರಯ್ಯ ಎದುರು ವಾದ ಮಾಡಲಿಲ್ಲ, ಅದೇ ಮಳೆಯಲ್ಲಿ ಕೆಲಸ ಹಿಡಿದು ಮುಗಿಸಿಯೇ ಬಿಟ್ಟರು. ಅರವತ್ತಕ್ಕೂ ಹೆಚ್ಚು ವರ್ಷ ಆದಮೇಲೆ 1951ರಲ್ಲಿ ತಮ್ಮ ಕೆಲಸದ ನೆನಪುಗಳನ್ನು ಪುಸ್ತಕ ಮಾಡಿದಾಗಲೂ ಈ ಮೊದಲ ಕೆಲಸ ಅವರಿಗೆ ನೆನಪಿತ್ತು. ಮೊದಲ ಮ್ಯಾನೇಜರ್ ಹತ್ರ ಬೈಸಿಕೊಂಡಿದ್ದನ್ನು ಯಾರು ತಾನೇ ಮರೀತಾರೆ ಹೇಳಿ!

ಇದಾದ ಮೇಲೆ ಹತ್ತು ವರ್ಷ ರಸ್ತೆ, ಕಟ್ಟಡ, ಸಣ್ಣಪುಟ್ಟ ನೀರಾವರಿ ಅಂತ ಸಾಗಿತು. ನಿಜವಾದ ಹೆಸರು ಬಂದಿದ್ದು ಸಿಂಧ್ ಪ್ರಾಂತ್ಯದ ಸಕ್ಕರ್‌ನಲ್ಲಿ. ಈಗ ಪಾಕಿಸ್ತಾನದಲ್ಲಿದೆ. ಆಗ ಸಿಂಧ್ ಕೂಡಾ ಬಾಂಬೆ ಪ್ರೆಸಿಡೆನ್ಸಿಯ ಭಾಗ. ಊರು ಇರೋದೇ ಸಿಂಧೂ ನದಿಯ ದಂಡೆಗೆ, ಆದ್ರೆ ಕುಡಿಯೋಕೆ ಒಳ್ಳೆ ನೀರಿಲ್ಲ! ನದಿ ನೀರು ಬರೀ ಕೆಸರು. ಶೋಧಿಸೋದಕ್ಕೆ ದೊಡ್ಡ ಮರಳಿನ ಹಾಸುಗಳನ್ನು ಕಟ್ಟಬೇಕು, ಅಲ್ಲಿನ ಮುನಿಸಿಪಾಲಿಟಿ ಹತ್ರ ಅಷ್ಟು ದುಡ್ಡಿಲ್ಲ. ವಿಶ್ವೇಶ್ವರಯ್ಯ ಏನು ಮಾಡಿದರು ಗೊತ್ತಾ? ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ಮರಳಿನ ಮೂಲಕ ಬಸಿದು ಬಾವಿಗೆ ಬರೋ ನೀರು ತಿಳಿಯಾಗಿತ್ತು. ಆ ನೀರನ್ನು ಪಂಪ್ ಮಾಡಿ ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿ, ಅಲ್ಲಿಂದ ಊರಿಗೆ ಕೊಟ್ಟರು. 1895ರಲ್ಲಿ ಕೆಲಸ ಮುಗಿಯಿತು.

ನಮ್ಮ ಕಡೆಯವರಿಗೆ ಇದು ತಟ್ಟನೆ ಅರ್ಥ ಆಗುತ್ತೆ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಹೆಣ್ಮಕ್ಕಳು ಉಸುಕಿನಲ್ಲಿ ವರತಿ ತೋಡಿ, ಅದರಲ್ಲಿ ಒಸರಿದ ನೀರನ್ನು ಚರಿಗಿಯಿಂದ ಕೊಡಕ್ಕೆ ತುಂಬಿಕೊಳ್ಳೋದನ್ನು ನೋಡಿಲ್ವಾ? ಅದೇ ತತ್ವ! ಒಂದು ಇಡೀ ಊರಿಗೆ ಆಗುವಷ್ಟು ದೊಡ್ಡದಾಗಿ ಮಾಡೋಕೆ ಲೆಕ್ಕಾಚಾರ ಬೇಕು, ಧೈರ್ಯ ಬೇಕು. ಅದು ಅವರ ಹತ್ರ ಇತ್ತು. ಸಕ್ಕರ್ ಆದಮೇಲೆ ಸೂರತ್‌ಗೂ ಅವರನ್ನು ಕರೆಸಿಕೊಂಡರು. ಮುಂದೆ ಕೊಲ್ಲಾಪುರ, ಬೆಳಗಾವಿ, ಧಾರವಾಡ, ಬಿಜಾಪುರದ ನೀರು ಸರಬರಾಜಿನ ಯೋಜನೆಗಳಲ್ಲೂ ಅವರ ಕೈಯಿದೆ. ಅಂದ್ರೆ ಉತ್ತರ ಕರ್ನಾಟಕಕ್ಕೂ ಅವರಿಗೂ ಸಂಬಂಧ ಮೈಸೂರಿಗಿಂತ ಹಳೇದು ಅಂತಾಯ್ತು.

1899ರ ಹೊತ್ತಿಗೆ ಪುಣೆಯಲ್ಲಿ ನೀರಾವರಿಯ ಎಕ್ಸಿಕ್ಯೂಟಿವ್ ಇಂಜಿನಿಯರ್. ಅಲ್ಲಿ ಅವರು ತಂದ 'ಬ್ಲಾಕ್ ಪದ್ಧತಿ' ನನಗಂತೂ ಬಹಳ ಇಷ್ಟವಾದ ವಿಷಯ, ಯಾಕಂದ್ರೆ ಇದರಲ್ಲಿ ಕಲ್ಲೂ ಇಲ್ಲ, ಗಾರೆಯೂ ಇಲ್ಲ. ಬರೀ ಯೋಚನೆ. ನೀರಾ ಕಾಲುವೆಯ ನೀರು ಎಲ್ಲೆಲ್ಲೋ ಚದುರಿ ಹೋಗ್ತಿತ್ತು. ಕಾಲುವೆ ಬಾಯಿ ಹತ್ತಿರದವರು ಕಬ್ಬು ಹಾಕಿ ಬೇಕಾದಷ್ಟು ಕುಡಿಸೋರು, ದೂರದವರಿಗೆ ಬರ್ತಿರಲಿಲ್ಲ. ಒಂದು ಕಡೆ ನೀರು ಹೆಚ್ಚಾಗಿ ನೆಲ ಜೌಗು, ಸೊಳ್ಳೆ, ಜ್ವರ. ಇನ್ನೊಂದು ಕಡೆ ಬರ. ಅದಕ್ಕೆ ಅವರು ಪ್ರತಿ ಹಳ್ಳಿಯಲ್ಲೂ ಆಯ್ದ ಒತ್ತಟ್ಟಿನ ಜಮೀನುಗಳನ್ನು ಬ್ಲಾಕ್ ಮಾಡಿ, ನೀರನ್ನು ಅಲ್ಲಿಗಷ್ಟೇ ಅಳೆದು ಬಿಡೋ ವ್ಯವಸ್ಥೆ ಮಾಡಿದರು. ಬ್ಲಾಕಿನ ಒಂದು ಭಾಗದಲ್ಲಿ ಮಾತ್ರ ಕಬ್ಬು, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ. ವರ್ಷದಿಂದ ವರ್ಷಕ್ಕೆ ಬೆಳೆ ಜಾಗ ಬದಲು. ರೈತರು ಮೊದಲು ವಿರೋಧಿಸಿದರು, ಪತ್ರಿಕೆಗಳಲ್ಲೂ ಟೀಕೆ ಬಂತು. ಕೂತು ಮಾತಾಡಿ ಒಪ್ಪಿಸಬೇಕಾಯ್ತು.

ಇದನ್ನು ಓದುವಾಗ ನನಗೆ ನಮ್ಮ ಕೃಷ್ಣಾ ಮೇಲ್ದಂಡೆ ಕಾಲುವೆಗಳೇ ಕಣ್ಣ ಮುಂದೆ ಬಂದವು. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದಿದ್ದು 1982ರಲ್ಲಿ. ಯೋಜನೆಯಲ್ಲಿ ಇದ್ದಿದ್ದು ಹೆಚ್ಚಾಗಿ ಜೋಳ, ತೊಗರಿ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳು. ಆದ್ರೆ ಕಾಲುವೆಯ ಮೇಲ್ಭಾಗದಲ್ಲಿ ಎಲ್ಲಿ ನೋಡಿದ್ರೂ ಭತ್ತ. ಕೊನೆ ಭಾಗದ ರೈತರು ವರ್ಷ ವರ್ಷ ನೀರಿಗಾಗಿ ರಸ್ತೆಗೆ ಇಳಿಯೋದು ತಪ್ಪಿಲ್ಲ. ಮೇಲಿನವರನ್ನು ಬೈಯೋದು ಸುಲಭ, ಆದ್ರೆ ಭತ್ತಕ್ಕೆ ಬರೋ ದುಡ್ಡು ಜೋಳಕ್ಕೆ ಬರಲ್ವಲ್ಲ? ಅಣೆಕಟ್ಟು ಕಟ್ಟೋದು ಅರ್ಧ ಕೆಲಸ. ನೀರು ಹಂಚೋದು ಇನ್ನರ್ಧ. ನಲವತ್ತು ವರ್ಷ ತುಂಬದ ಒಬ್ಬ ಇಂಜಿನಿಯರ್‌ಗೆ ಇದು 1899ರಲ್ಲೇ ಹೊಳೆದಿತ್ತು.

ಈಗ ಎಲ್ಲರಿಗೂ ಗೊತ್ತಿರೋ ಕಥೆ. ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟುಗಳು. ಪುಣೆಗೆ ನೀರು ಕೊಡೋ ಈ ಕೆರೆಗೆ ಆಗ ಫೈಫ್ ಲೇಕ್ ಅಂತ ಹೆಸರು. ಪ್ರತಿ ಮಳೆಗಾಲ ತುಂಬಿ ಕೋಡಿ ಹರಿದು ನೀರು ಪೋಲಾಗೋದು, ಬೇಸಿಗೆಗೆ ಊರಿಗೆ ಕೊರತೆ. ಹಾಗಾದ್ರೆ ಕೋಡಿಯನ್ನೇ ಎತ್ತರಿಸಿ ಗೋಡೆ ಕಟ್ಟಬಹುದಲ್ವಾ? ಆಗಲ್ಲ. ದೊಡ್ಡ ಪ್ರವಾಹ ಬಂದಾಗ ನೀರು ಹೋಗೋಕೆ ದಾರಿಯಿಲ್ಲದೆ ಅಣೆಕಟ್ಟಿಗೇ ಅಪಾಯ. ಮಾಮೂಲಿ ಬಾಗಿಲು ಇಟ್ಟರೆ? ಮಧ್ಯರಾತ್ರಿ ನೆರೆ ಬಂದಾಗ ಎದ್ದು ತೆಗೆಯೋರು ಯಾರು? ಕಾವಲುಗಾರ ನಿದ್ದೆ ಮಾಡಿದರೆ ಕಥೆ ಮುಗೀತು. ಇದಕ್ಕೆ ಅವರು ಭಾರಗಳಿಂದ ತೂಗಿಸಿಟ್ಟ ಗೇಟುಗಳನ್ನು ರೂಪಿಸಿದರು. ನೀರು ಒಂದು ಮಟ್ಟ ಮುಟ್ಟೋ ತನಕ ಮುಚ್ಚಿರುತ್ತವೆ, ಅದನ್ನು ದಾಟಿದರೆ ನೀರಿನ ಒತ್ತಡಕ್ಕೇ ತೆರೆದುಕೊಳ್ಳುತ್ತವೆ, ನೆರೆ ಇಳಿದ ಮೇಲೆ ಮತ್ತೆ ತಾವೇ ಮುಚ್ಚಿಕೊಳ್ಳುತ್ತವೆ. 1903ರಲ್ಲಿ ಅಳವಡಿಸಿದರು. ಅಣೆಕಟ್ಟನ್ನು ಎತ್ತರಿಸದೇ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಿದಂತಾಯ್ತು. ಈ ವಿನ್ಯಾಸಕ್ಕೆ ಪೇಟೆಂಟ್ ಕೂಡಾ ಇತ್ತು. ಆದ್ರೆ ಸರ್ಕಾರಿ ಕೆಲಸದಲ್ಲಿದ್ದಾಗ ಮಾಡಿದ್ದು ಅಂತ ಅದರ ರಾಯಧನ ತಗೊಳ್ಳಲಿಲ್ಲ. ಮುಂದೆ ಗ್ವಾಲಿಯರ್‌ನ ತಿಗ್ರಾದಲ್ಲಿ, ನಮ್ಮ ಕೆ.ಆರ್.ಎಸ್.ನಲ್ಲಿ ಇದೇ ಮಾದರಿ ಬಳಕೆಗೆ ಬಂತು.

1906ರಲ್ಲಿ ಏಡನ್. ಅರಬ್ಬೀ ಸಮುದ್ರದ ಆ ಕಡೆ ದಡದ ಬಂದರು, ಅದರ ಆಡಳಿತವೂ ಆಗ ಬಾಂಬೆಯದ್ದೇ. ಮಳೆ ಅನ್ನೋದೇ ಅಪರೂಪ. ಸಮುದ್ರದ ನೀರು ಕಾಯಿಸಿ ಆವಿ ಮಾಡಿ ಕುಡಿಯೋ ಪರಿಸ್ಥಿತಿ. ವಿಶ್ವೇಶ್ವರಯ್ಯ ಸುತ್ತಲಿನ ಸೀಮೆಯೆಲ್ಲಾ ಸುತ್ತಾಡಿ, ಉತ್ತರಕ್ಕೆ ಸುಮಾರು 18 ಮೈಲಿ ದೂರದ ಲಹೇಜ್ ಕಡೆ ನದಿ ಪಾತ್ರದಲ್ಲಿ ಬಾವಿ ತೋಡಿ ನೀರು ತರಬಹುದು ಅಂತ ವರದಿ ಕೊಟ್ಟರು. ಒಳಚರಂಡಿ ಯೋಜನೆಯನ್ನೂ ಮಾಡಿಕೊಟ್ಟರು. ಸಕ್ಕರ್‌ನ ಅನುಭವ ಮರುಭೂಮಿಯಲ್ಲಿ ಉಪಯೋಗಕ್ಕೆ ಬಂತು ನೋಡಿ! ಅದೇ ವರ್ಷ ಕೈಸರ್-ಎ-ಹಿಂದ್ ಪದಕ.

ಇಷ್ಟೆಲ್ಲಾ ಮಾಡಿದರೂ ಬಾಂಬೆಯಲ್ಲಿ ಚೀಫ್ ಇಂಜಿನಿಯರ್ ಕುರ್ಚಿ ಒಬ್ಬ ಭಾರತೀಯನಿಗೆ ಸಿಗೋ ಹಾಗಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. 1908ರಲ್ಲಿ ಸ್ವಂತ ಇಚ್ಛೆಯಿಂದ ಸೇವೆ ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು. ಅವರಿನ್ನೂ ಯುರೋಪಿನಲ್ಲಿದ್ದಾಗಲೇ ನಿಜಾಮ್ ಸರ್ಕಾರದಿಂದ ಕರೆ ಬಂತು.

ಯಾಕೆ ಅಂತ ಹೇಳ್ತೀನಿ. 1908ರ ಸೆಪ್ಟೆಂಬರ್ 28. ಹೈದರಾಬಾದಿನ ಮೂಸಿ ನದಿಗೆ ಹಿಂದೆಂದೂ ಕಾಣದ ಪ್ರವಾಹ. ಶಂಶಾಬಾದಿನಲ್ಲಿ 24 ಗಂಟೆಯಲ್ಲಿ 12.8 ಇಂಚು ಮಳೆ ಬಿದ್ದಿತ್ತು. ಅಫ್ಜಲ್ ಗಂಜ್, ಮುಸ್ಲಿಂ ಜಂಗ್, ಚಾದರ್‌ಘಾಟ್ ಸೇತುವೆಗಳು ಹೋದವು, ಕುತುಬ್‌ಶಾಹಿ ಕಾಲದ ಪುರಾನಾ ಪುಲ್ ಮಾತ್ರ ನಿಂತಿತು. ಸತ್ತವರ ಸಂಖ್ಯೆ ಸುಮಾರು 15,000 ಅಂತ ಹೇಳ್ತಾರೆ. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿ ಒಂದು ಹಳೇ ಹುಣಸೆಮರ ಇದೆ. ಆವತ್ತು ಅದನ್ನು ಹತ್ತಿ ಕೂತ ಸುಮಾರು 150 ಜನ ಬದುಕಿಕೊಂಡರಂತೆ. ಹೈದರಾಬಾದಿಗೆ ಹೋದರೆ ಚಾರ್‌ಮಿನಾರ್ ಜೊತೆ ಇದನ್ನೂ ನೋಡಿ ಬನ್ನಿ.

ವಿಶ್ವೇಶ್ವರಯ್ಯ 1909ರ ಏಪ್ರಿಲ್ 15ರಂದು ವಿಶೇಷ ಸಲಹಾ ಇಂಜಿನಿಯರ್ ಆಗಿ ಸೇರಿದರು. ಅಕ್ಟೋಬರ್ 1ಕ್ಕೆ ವರದಿ ಕೈಲಿಟ್ಟರು. ಆರು ತಿಂಗಳೂ ಪೂರ್ತಿ ಇಲ್ಲ!

ಈ ವರದಿಯಲ್ಲಿ ನನಗೆ ದೊಡ್ಡದಾಗಿ ಕಂಡಿದ್ದು ಅಣೆಕಟ್ಟಿನ ಸಲಹೆ ಅಲ್ಲ, ಅದಕ್ಕೂ ಮೊದಲು ಮಾಡಿದ ಲೆಕ್ಕ. ನದಿ ಉಕ್ಕಿದ್ದು ಊರೊಳಗೆ. ಆದ್ರೆ ಇವರು ಊರು ಬಿಟ್ಟು ಮೇಲಕ್ಕೆ ನೋಡಿದರು. ಮಳೆ ಬಿದ್ದು ಮೂಸಿಗೆ ಹರಿದು ಬರೋ ಜಾಗ ಎಷ್ಟು? 862 ಚದರ ಮೈಲಿ. ಅದರಲ್ಲಿ ಕೆರೆಗಳೆಷ್ಟು? 788. ಅಂದ್ರೆ ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ಆ ಮಳೆಗೆ ಒಡೆದಿದ್ದೆಷ್ಟು? 221. ಆಗ ಚಿತ್ರ ಸ್ಪಷ್ಟವಾಯ್ತು. ಹೈದರಾಬಾದನ್ನು ಮುಳುಗಿಸಿದ್ದು ಬರೀ ಮಳೆ ಅಲ್ಲ, ಮೇಲಿನ ಕೆರೆಗಳು ಸಾಲಾಗಿ ಒಡೆದು ಬಂದ ನೀರು. ನಮ್ಮ ಹಳ್ಳಿಯ ಯಾರನ್ನಾದ್ರೂ ಕೇಳಿ, ಮೇಲಿನ ಕೆರಿ ಒಡ್ಡು ಹೋದರೆ ಕೆಳಗಿನ ಕೆರಿ ಉಳಿಯಲ್ಲ ಅಂತ ಹೇಳ್ತಾರೆ. ನಾವು ಸಾಫ್ಟ್‌ವೇರಿನವರೂ ಇದನ್ನು ಚೆನ್ನಾಗಿ ಬಲ್ಲೆವು. ಒಂದು ಸರ್ವರ್ ಬಿದ್ದು ಅದರ ಭಾರ ಪಕ್ಕದ್ದರ ಮೇಲೆ, ಅದೂ ಬಿದ್ದು ಮತ್ತೊಂದರ ಮೇಲೆ... ಬೆಳಗಾಗೋದ್ರೊಳಗೆ ಪೂರ್ತಿ ಸಿಸ್ಟಮ್ ಮಲಗಿರುತ್ತೆ. ಅಂಥ ಹೊತ್ತಲ್ಲಿ ಕೊನೆಗೆ ಬಿದ್ದ ಸರ್ವರನ್ನೇ ದಿಟ್ಟಿಸಿ ನೋಡ್ತಾ ಕೂತರೆ ಏನೂ ಸಿಗಲ್ಲ. ಮೇಲಿಂದ ಶುರು ಮಾಡಬೇಕು.

ಹಾಗಾಗಿ ಅವರ ಪರಿಹಾರವೂ ಮೇಲಿಂದಲೇ ಬಂತು. ನದಿಗೆ ಎರಡು ದಂಡೆ ಕಟ್ಟಿದರೆ ಸಾಲದು, ಊರಿನ ಮೇಲ್ಗಡೆ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ಹಿಡಿದು ನಿಧಾನಕ್ಕೆ ಬಿಡಿ ಅಂದರು. ಜೊತೆಗೆ ಊರಿಗೆ ಒಳಚರಂಡಿ, ನದಿ ದಂಡೆಯಲ್ಲಿ ಉದ್ಯಾನ. ವರದಿ ಕೊಟ್ಟು ಮುಂದಿನ ತಿಂಗಳೇ ಮೈಸೂರಿಗೆ ಹೊರಟರು. ಅವರ ಸಲಹೆಯಂತೆ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು.

ಇಲ್ಲಿ ಇನ್ನೊಬ್ಬರ ಹೆಸರು ಹೇಳಲೇಬೇಕು. ಮೀರ್ ಅಹ್ಮದ್ ಅಲಿ, ಮುಂದೆ ಅಲಿ ನವಾಜ್ ಜಂಗ್ ಅಂತ ಪ್ರಸಿದ್ಧರಾದ ಹೈದರಾಬಾದಿನ ಇಂಜಿನಿಯರ್. ವಿಶ್ವೇಶ್ವರಯ್ಯನವರಿಗೆ ಅಂಕಿ ಅಂಶ ಕೂಡಿಸೋದರಲ್ಲಿ ನೆರವಾದವರು, ಮುಂದೆ ನಿಜಾಮ್ ಸಾಗರದಂಥ ಕೆಲಸಗಳನ್ನು ಮಾಡಿಸಿದವರು. ತೆಲಂಗಾಣದಲ್ಲಿ ಅವರ ಹುಟ್ಟಿದ ದಿನ ಜುಲೈ 11ನ್ನು ಇಂಜಿನಿಯರುಗಳ ದಿನ ಅಂತ ಆಚರಿಸ್ತಾರೆ. ನಮಗೆ ಸೆಪ್ಟೆಂಬರ್ 15, ಅವರಿಗೆ ಜುಲೈ 11. ಒಂದೇ ಕೆಲಸದಲ್ಲಿ ಜೊತೆಗಿದ್ದ ಇಬ್ಬರನ್ನು ನಾವು ರಾಜ್ಯಕ್ಕೊಬ್ಬರಂತೆ ಹಂಚಿಕೊಂಡಿದ್ದೀವಿ.

ಇನ್ನು ನಮ್ಮ ಕಡೆಯ ಮಾತು. ರಾಜಧಾನಿ ಮುಳುಗಿತು, ಇಪ್ಪತ್ತು ವರ್ಷದೊಳಗೆ ಎರಡು ಜಲಾಶಯ ಆದವು. ಅದೇ ರಾಜ್ಯದ ಕನ್ನಡ ಜಿಲ್ಲೆಗಳಲ್ಲಿ ಕೃಷ್ಣೆ, ಭೀಮೆ ಸುಮ್ಮನೆ ಹರಿದು ಹೋಗ್ತಾನೇ ಇದ್ದವು. ಬರ ಬಿದ್ದಾಗ ಜನ ಗುಳೆ ಹೊರಟರು. ಗುರುಮಠಕಲ್ ದಾಟಿದರೆ ತೆಲಂಗಾಣ ಶುರು, ಹೈದರಾಬಾದಿಗೆ ನಮ್ಮೂರಿಂದ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಇವತ್ತಿಗೂ ನಮ್ಮ ಸೀಮೆಯ ಜನ ಅಲ್ಲಿ ಕಟ್ಟಡ ಕೆಲಸ ಮಾಡ್ತಾರೆ. ನಾನೂ ಅದೇ ಊರಿನ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡ್ತೀನಿ. ಗುಳೆಯೇ, ಎ.ಸಿ. ಇರೋ ಗುಳೆ ಅಷ್ಟೇ. ಉಸ್ಮಾನ್ ಸಾಗರಕ್ಕೆ ಅಲ್ಲಿನವರು ಗಂಡಿಪೇಟ ಅಂತಾರೆ. ಐಟಿ ಕಂಪನಿಗಳ ಎತ್ತರದ ಕಟ್ಟಡಗಳು ಅದರ ಹತ್ತಿರದವರೆಗೂ ಬೆಳೆದಿವೆ.

1996ರಲ್ಲಿ ಸರ್ಕಾರ 111ನೇ ಆದೇಶ ಹೊರಡಿಸಿ, ಈ ಎರಡು ಜಲಾಶಯಗಳ ಸುತ್ತ 10 ಕಿ.ಮೀ. ಒಳಗೆ, 84 ಹಳ್ಳಿಗಳಲ್ಲಿ, ದೊಡ್ಡ ಕಟ್ಟಡ ಮತ್ತು ಕಾರ್ಖಾನೆಗಳಿಗೆ ನಿರ್ಬಂಧ ಹಾಕಿತ್ತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧಗಳನ್ನು ತೆಗೆಯೋ ಹೊಸ ಆದೇಶ ಮಾಡಿತು. ಊರಿನ ಕುಡಿಯೋ ನೀರು ಈಗ ಬಹುಪಾಲು ಕೃಷ್ಣಾ, ಗೋದಾವರಿಯಿಂದ ಬರುತ್ತೆ, ಹಾಗಾಗಿ ನಿರ್ಬಂಧ ಬೇಕಿಲ್ಲ ಅನ್ನೋದು ವಾದ. ಆ 84 ಹಳ್ಳಿಯವರ ಕಷ್ಟವೂ ಸುಳ್ಳಲ್ಲ, ಪಕ್ಕದ ಊರಲ್ಲಿ ಭೂಮಿಗೆ ಕೋಟಿ ಬೆಲೆ ಬಂದಾಗ ತಮ್ಮದಕ್ಕೆ ಮಾತ್ರ ಬೀಗ ಅಂದ್ರೆ ಯಾರಿಗಾದ್ರೂ ಸಂಕಟ ಆಗುತ್ತೆ. ಆದ್ರೆ ವಿಶ್ವೇಶ್ವರಯ್ಯ ಆ ಜಲಾಶಯ ಕಟ್ಟಿ ಅಂದಿದ್ದು ಮೊದಲು ಪ್ರವಾಹ ತಡೆಯೋಕೆ, ಕುಡಿಯೋ ನೀರು ಅದರ ಜೊತೆಗೆ ಸಿಕ್ಕ ಲಾಭ. ಕುಡಿಯೋ ನೀರು ಬೇರೆ ಕಡೆಯಿಂದ ತರಬಹುದು. ಪ್ರವಾಹವನ್ನು ಬೇರೆ ಕಡೆ ಕಳಿಸೋಕೆ ಆಗುತ್ತಾ? 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಕೆರೆಗಳು ಉಕ್ಕಿ ಬಡಾವಣೆಗಳು ಮುಳುಗಿದ್ದನ್ನು ಟಿವಿಯಲ್ಲಿ ನೀವೂ ನೋಡಿರ್ತೀರಿ. 1909ರಲ್ಲಿ ಎಣಿಸಿದ ಆ 788 ಕೆರೆಗಳಲ್ಲಿ ಈಗ ಎಷ್ಟು ಉಳಿದಿವೆ ಅಂತ ಯಾರಾದ್ರೂ ಮತ್ತೆ ಎಣಿಸಬೇಕು ಅನ್ಸುತ್ತೆ. ಕಟ್ಟಡ ಕಟ್ಟೋಕೆ ಅನುಮತಿ ಕೊಡೋ ಮೊದಲು.

ಇಂಜಿನಿಯರ್ಸ್ ಡೇ ದಿನ ಫೋಟೋಗೆ ಹಾರ ಹಾಕಿ ಭಾಷಣ ಮಾಡ್ತೀವಿ. "ಶಿಸ್ತು, ಸಮಯಪಾಲನೆ" ಅಂತ ಹೇಳಿ ಮುಗಿಸ್ತೀವಿ. ಇಸ್ತ್ರಿ ಮಾಡಿದ ಕೋಟಿನ ಕಥೆ, ಎರಡು ಮೇಣದಬತ್ತಿ ಕಥೆ... ಅವು ನಿಜವೋ ಸುಳ್ಳೋ, ಇರಲಿ. ಅದರ ಬದಲು ಈ ಮೊದಲ ಇಪ್ಪತ್ತೈದು ವರ್ಷದ ಕೆಲಸಗಳನ್ನು ಹುಡುಗರಿಗೆ ಹೇಳಿದರೆ ಹೆಚ್ಚು ಉಪಯೋಗ ಅನ್ನೋದು ನನ್ನ ಅಭಿಪ್ರಾಯ. ಮಳೆಯಲ್ಲಿ ಸೈಫನ್ ಮುಗಿಸಿದ ಹುಡುಗ, ದುಡ್ಡಿಲ್ಲದ ಊರಿಗೆ ನದಿಯ ಮರಳನ್ನೇ ಶೋಧಕ ಮಾಡಿಕೊಟ್ಟವನು, ನೀರು ಹಂಚೋಕೆ ರೈತರ ಜೊತೆ ಕೂತು ಮಾತಾಡಿದವನು, ಕೆರೆ ಎಣಿಸಿದವನು. ಇವರು ಯಾರೂ ಇನ್ನೂ 'ಸರ್' ಆಗಿರಲಿಲ್ಲ, ಭಾರತರತ್ನ ಬರೋಕೆ 1955ರ ತನಕ ಕಾಯಬೇಕಿತ್ತು. ಯಾವುದೋ ಜಿಲ್ಲೆಯಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಇಂಜಿನಿಯರ್, ಅಷ್ಟೇ. ಹಾಗಾಗಿ ನಮಗೂ ಎಟುಕೋ ಹಾಗಿದ್ದಾರೆ.

ನಿಮ್ಮೂರಿನಲ್ಲಿ ಎಷ್ಟು ಕೆರೆಗಳಿವೆ, ಯಾವ ಕೆರೆಯ ಕೋಡಿ ಯಾವುದಕ್ಕೆ ಹೋಗಿ ಸೇರುತ್ತೆ ಅಂತ ಗೊತ್ತಾ? ಗೊತ್ತಿದ್ದರೆ ಕೆಳಗೆ ಬರೆಯಿರಿ. ಗೊತ್ತಿಲ್ಲದಿದ್ದರೆ ಈ ಸಲ ಊರಿಗೆ ಹೋದಾಗ ಮುತ್ಯಾನ ಹತ್ರ ಕೂತು ಕೇಳಿ, ಅವರಿಗೆ ಖಂಡಿತ ಗೊತ್ತಿರುತ್ತೆ.